ತಟ್ಟೆಯ ಎಡಗಡೆ ಉಳಿದ ಪಲ್ಯ

ಬಸವನಗುಡಿಯ ಆ ಮನೆಗೆ ಮೊದಲ ಸಲ ಹೋದಾಗ ಮೇಷ್ಟ್ರು ಊಟಕ್ಕೆ ಕೂತಿದ್ದರು. ತಟ್ಟೆಯ ಬಲಗಡೆ ಒಂದು ಅಗುಳೂ ಉಳಿದಿರಲಿಲ್ಲ. ಎಡಗಡೆ ಅರ್ಧ ಅನ್ನ, ಹುರುಳಿಕಾಯಿ ಪಲ್ಯ ಬಡಿಸಿದ ಹಾಗೇ ಇತ್ತು.

"ನೋಡಿ ಮೇಡಂ, ಪಲ್ಯ ಮುಟ್ಟಿಲ್ಲ. ಆಸ್ಪತ್ರೆಯಿಂದ ಬಂದಾಗಿನಿಂದ ಹೀಗೇ. ಪಕ್ಕದಲ್ಲೇ ಕೂತು ಮಾತಾಡಿಸಿದರೂ ತಿರುಗಿ ನೋಡಲ್ಲ. ನನ್ನ ಮೇಲೆ ಏನೋ ಸಿಟ್ಟು" ಎಂದರು ಅವರ ಹೆಂಡತಿ. ಅವರು ಕೂತಿದ್ದದ್ದು ಗಂಡನ ಎಡಗಡೆ.

ನಾನು ತಟ್ಟೆಯನ್ನು ಅರ್ಧ ಸುತ್ತು ತಿರುಗಿಸಿದೆ. "ಓ, ಪಲ್ಯ ಈಗ ಬಂತಾ?" ಎಂದು ಮೇಷ್ಟ್ರು ಕೈ ಹಾಕಿದರು. ಅಮ್ಮ ಸೆರಗು ಬಾಯಿಗೆ ಹಿಡಿದುಕೊಂಡು ಅಡುಗೆಮನೆಗೆ ಹೋಗಿಬಿಟ್ಟರು.

ನಾನು ಆಕ್ಯುಪೇಷನಲ್ ಥೆರಪಿಸ್ಟ್. ಪಾರ್ಶ್ವವಾಯು ಹೊಡೆದವರು ಮತ್ತೆ ಉಣ್ಣಲು, ಉಡಲು, ಓಡಾಡಲು ಕಲಿಯುವಾಗ ಜೊತೆಗಿರುವುದು ನನ್ನ ಕೆಲಸ. ಮೇಷ್ಟ್ರ ಮೆದುಳಿನ ಬಲಭಾಗಕ್ಕೆ ರಕ್ತ ಒಯ್ಯುವ ನಾಳ ಕಟ್ಟಿಕೊಂಡು, ಪೆರೈಟಲ್ ಎನ್ನುವ ಭಾಗಕ್ಕೆ ಪೆಟ್ಟಾಗಿತ್ತು. ಎಡಗೈ ಸೋತದ್ದು ಎಲ್ಲರಿಗೂ ಕಾಣುತ್ತಿತ್ತು. ಜಗತ್ತಿನ ಎಡಗಡೆಯೇ ಅವರ ಪಾಲಿಗೆ ಇಲ್ಲವಾಗಿದ್ದು ಯಾರಿಗೂ ಕಂಡಿರಲಿಲ್ಲ, ಅವರಿಗೂ. ಕಣ್ಣಿನಲ್ಲಿ ದೋಷವಿಲ್ಲ, ಗಮನ ಅತ್ತ ಹೋಗುವುದಿಲ್ಲ ಅಷ್ಟೆ. ಗಡಿಯಾರ ಬರೆಯಿರಿ ಎಂದರೆ ಹನ್ನೆರಡೂ ಅಂಕಿಗಳನ್ನು ಬಲ ಅರ್ಧದಲ್ಲೇ ಒತ್ತಿ ಬರೆದರು. ಇದಕ್ಕೆ ನೆಗ್ಲೆಕ್ಟ್ ಎನ್ನುತ್ತಾರೆ. ಆ ಹೆಸರು ನನಗೆ ಹಿಡಿಸುವುದಿಲ್ಲ, ಬೇಕೆಂದೇ ಕಡೆಗಣಿಸಿದ ಹಾಗೆ ಕೇಳುತ್ತದೆ. ಮನೆಯವರು ಮೊದಲೇ ಹಾಗೆಂದುಕೊಂಡು ನೊಂದಿರುತ್ತಾರೆ.

ಬಲಗಡೆಯ ಮೆದುಳು ಎರಡೂ ದಿಕ್ಕಿಗೆ ಗಮನ ಕೊಡುತ್ತದೆ, ಎಡಗಡೆಯದು ಹೆಚ್ಚಾಗಿ ಬಲದಿಕ್ಕಿಗೆ ಮಾತ್ರ ಎಂಬುದು ಬಹಳ ಮಂದಿ ಒಪ್ಪುವ ವಿವರಣೆ. ಹಾಗಾಗಿ ಎಡಕ್ಕೆ ಪೆಟ್ಟಾದರೆ ಬಲ ಸುಧಾರಿಸಿಕೊಳ್ಳುತ್ತದೆ. ಬಲಕ್ಕೇ ಪೆಟ್ಟಾದರೆ ಎಡಗಡೆಗೆ ದಿಕ್ಕಿಲ್ಲ.

ಇಟಲಿಯ ಬಿಸಿಯಾಕ್ ಮತ್ತು ಲುಜ್ಜಾಟ್ಟಿ 1978ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ನನಗೆ ಓದಿದ ದಿನದಿಂದ ಮನಸ್ಸಿನಲ್ಲಿ ಕೂತಿದೆ. ಇಂಥ ರೋಗಿಗಳಿಗೆ ಮಿಲಾನಿನ ದೊಡ್ಡ ಚರ್ಚಿನ ಮುಂದಿನ ಚೌಕವನ್ನು ಕಣ್ಣಮುಂದೆ ತಂದುಕೊಂಡು ವರ್ಣಿಸಲು ಹೇಳಿದ್ದರು. ನಾನು ಅದನ್ನೇ ಮೇಷ್ಟ್ರ ಜೊತೆ ಮಾಡಿದೆ, ಅವರು ದಿನಾ ಓಡಾಡಿದ ಗಾಂಧಿ ಬಜಾರನ್ನು ಇಟ್ಟುಕೊಂಡು. ಒಂದು ತುದಿಯಲ್ಲಿ ನಿಂತಿದ್ದೀರಿ ಅಂದುಕೊಳ್ಳಿ, ಏನೇನಿದೆ ಹೇಳಿ ಎಂದೆ. ಹೂವಿನವರು, ಗ್ರಂಥಿಗೆ ಅಂಗಡಿ, ಹಣ್ಣಿನ ಗಾಡಿ ಎಲ್ಲ ಬಂತು. ವಿದ್ಯಾರ್ಥಿ ಭವನ ಹೋಟೆಲೇ ಬರಲಿಲ್ಲ! ಈಗ ಇನ್ನೊಂದು ತುದಿಯಿಂದ ಬನ್ನಿ ಎಂದೆ. "ವಿದ್ಯಾರ್ಥಿ ಭವನ" ಎಂದರು ತಕ್ಷಣ. ಈ ಸಲ ಹೂವಿನವರು ಮಾಯ. ನೆನಪು ಎಲ್ಲಿಗೂ ಹೋಗಿರಲಿಲ್ಲ. ಮನಸ್ಸಿನೊಳಗಿನ ಬೀದಿಗೂ ಎಡಗಡೆ ಇರಲಿಲ್ಲ.

ಮಗಳಿಗೆ ನಂಬಿಕೆ ಬರಲಿಲ್ಲ, "ಅಪ್ಪ ಮೊದಲಿಂದಲೂ ಹಟಮಾರಿ" ಎಂದಳು. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಮೆದುಳಿನ ವಸ್ತುಸಂಗ್ರಹಾಲಯ ಇದೆ, ಅಲ್ಲಿಗೆ ಕರೆದುಕೊಂಡು ಹೋದೆ. ನಿಜವಾದ ಮೆದುಳನ್ನು ಕೈಯಲ್ಲಿ ಹಿಡಿದು ನೋಡಬಹುದು. ದೊಡ್ಡವರ ಮೆದುಳು ಸುಮಾರು 1.3ರಿಂದ 1.4 ಕೆಜಿ. ಹಿಡಿದುಕೊಂಡು ತುಂಬಾ ಹೊತ್ತು ನಿಂತಿದ್ದಳು. "ನಾವು ಅಪ್ಪನ ಕೋಪ ಅಂದುಕೊಂಡಿದ್ದು ಇಲ್ಲೇ ಎಲ್ಲೋ ಇತ್ತಾ ಮೇಡಂ?" ಎಂದು ಕೇಳಿದಳು.

ಶುರುವಿನಲ್ಲಿ ನಾನೊಂದು ತಪ್ಪು ಮಾಡಿದೆ. ಎಡಕ್ಕೆ ತಿರುಗುವ ಅಭ್ಯಾಸವಾಗಲಿ ಎಂದು ನೀರಿನ ಚೊಂಬು, ಕನ್ನಡಕ, ಮೊಬೈಲು ಎಲ್ಲವನ್ನೂ ಒಂದೇ ದಿನ ಎಡಗಡೆ ಇಡಿಸಿದೆ. ಸಂಜೆಯವರೆಗೂ ಮೇಷ್ಟ್ರು ನೀರು ಕುಡಿದಿರಲಿಲ್ಲ. ನೀರು, ಔಷಧಿ, ಕರೆಗಂಟೆ ಬಲಗಡೆಯೇ ಇರಬೇಕು, ಮುಖ್ಯವಾದ ಮಾತನ್ನು ಬಲಗಡೆ ಬಂದೇ ಆಡಬೇಕು. ಎಡಕ್ಕೆ ಕರೆಯುವುದು ಬೇರೆ, ಬಿಡುವಿದ್ದಾಗ, ಸ್ವಲ್ಪ ಸ್ವಲ್ಪವಾಗಿ. ಅಂದಿನಿಂದ ಎಲ್ಲ ಮನೆಯಲ್ಲೂ ಹೀಗೇ ಮಾಡುತ್ತೇನೆ.

ದಾರಿ ತೋರಿಸಿದ್ದು ಅವರ ಮೇಷ್ಟ್ರಗಿರಿಯೇ. ಪೇಪರ್ ಓದುವಾಗ ಪ್ರತಿ ಸಾಲಿನ ಮೊದಲರ್ಧ ಬಿಟ್ಟುಹೋಗುತ್ತಿತ್ತು, ಅರ್ಥವಾಗದೆ ಪೇಪರ್ ಎಸೆಯುತ್ತಿದ್ದರು. ಸುದ್ದಿಯ ಎಡ ಅಂಚಿಗೆ ಸ್ಕೇಲ್ ಇಟ್ಟು ಕೆಂಪು ಗೆರೆ ಎಳೆದು, "ಮಾರ್ಜಿನ್ ಎಲ್ಲಿದೆ ಮೇಷ್ಟ್ರೇ?" ಎಂದೆ. ಜೀವಮಾನವಿಡೀ ಮಕ್ಕಳಿಗೆ ಹೇಳಿದ ಮಾತು ಅದು. ಬೆರಳು ಎಡಕ್ಕೆ ಸರಿಯುತ್ತಾ ಸರಿಯುತ್ತಾ ಹೋಗಿ ಗೆರೆ ಮುಟ್ಟಿತು. ಅಲ್ಲಿಂದ ಓದಿದರು, ಸಾಲು ಪೂರ್ತಿಯಾಯಿತು. ಮರುದಿನ ತಟ್ಟೆಯ ಎಡ ಅಂಚಿಗೂ ಕೆಂಪು ಟೇಪ್ ಬಂತು, ಬಾಗಿಲ ಎಡ ಚೌಕಟ್ಟಿಗೂ. ಊಟಕ್ಕೆ ಮೊದಲು ಎಡಗೈ ಬೆರಳುಗಳನ್ನು ಹತ್ತು ಸಲ ಮಡಚಿ ಬಿಡಿಸುವುದು, ಆಮೇಲೆ ಮಾರ್ಜಿನ್ ಹುಡುಕುವುದು. ವಾರದಲ್ಲಿ ಮೂರು ದಿನ ನಾನು ಹೋಗುತ್ತಿದ್ದೆ, ಉಳಿದ ದಿನ ಅಮ್ಮನೇ ಥೆರಪಿಸ್ಟ್.

ನಾಲ್ಕು ತಿಂಗಳಾದ ಮೇಲೆ ಯುಗಾದಿ ಊಟಕ್ಕೆ ಕರೆದಿದ್ದರು. ಎಲೆಗೆ ಟೇಪ್ ಅಂಟಿಸುವುದು ಹೇಗೆ? ಬಡಿಸಿದ್ದೆಲ್ಲ ಮುಗಿಸಿದರು, ಎಡತುದಿಯ ಉಪ್ಪಿನಕಾಯಿ ಮಾತ್ರ ಉಳಿಯಿತು. "ಮಾರ್ಜಿನ್ ರೀ" ಎಂದರು ಅಮ್ಮ. ಕೈ ಹೋಯಿತು.

ರಸ್ತೆ ದಾಟುವುದು ಮಾತ್ರ ಈಗಲೂ ಒಬ್ಬರೇ ಬೇಡ ಎಂದಿದ್ದೇನೆ. ಮೊದಲರ್ಧ ರಸ್ತೆಯಲ್ಲಿ ಗಾಡಿ ಬಲದಿಂದ ಬರುತ್ತದೆ, ನೋಡಿ ನಿಲ್ಲುತ್ತಾರೆ. ನಡುವೆ ತಲುಪಿದ ಮೇಲೆ ಬರುವುದು ಎಡದಿಂದ. ಅಷ್ಟು ದೂರ ಅಮ್ಮ ಅವರ ಎಡತೋಳು ಹಿಡಿದುಕೊಂಡೇ ನಡೆಯುತ್ತಾರೆ.