ರಿಪಬ್ಲಿಕನ್ ಮನೆಗಳಿಗೇ ಫೋನ್ ಮಾಡಿ 113ಕ್ಕೆ ವೋಟು ಕೇಳಿದ್ದು: ನನ್ನ ಅನುಭವ

2020ರಲ್ಲಿ ಅಮೆರಿಕದ ಕೊಲೊರಾಡೊದಲ್ಲಿ ಪ್ರೊಪೊಸಿಷನ್ 113ರ (ಅಧ್ಯಕ್ಷರ ಚುನಾವಣೆ ಕುರಿತ ರಾಜ್ಯಗಳ ಒಪ್ಪಂದವೊಂದಕ್ಕೆ ಕೊಲೊರಾಡೊ ಸೇರಬೇಕೇ ಎಂದು ಜನರನ್ನೇ ಕೇಳಿದ ಮತದಾನ) ಪರವಾಗಿ ಫೋನ್ ಮಾಡಲು ಕೂತಾಗ ಗುಂಪಿನ ಹಳಬರೆಲ್ಲ ಹೇಳಿದ್ದು ಒಂದೇ ಮಾತು: ರಿಪಬ್ಲಿಕನ್ನರ ಪಟ್ಟಿ ಮುಟ್ಟಬೇಡಿ, ವೇಳೆ ದಂಡ. ನಾನು ಆ ಪಟ್ಟಿಯನ್ನೇ ಕೇಳಿ ಇಸಕೊಂಡೆ. ಇಡೀ ದೇಶದ ಮತ ಎಣಿಸಿ ಅಧ್ಯಕ್ಷರನ್ನು ಆರಿಸುವ ಈ ಒಪ್ಪಂದ ಒಂದೇ ಪಕ್ಷದ ಹೆಗಲ ಮೇಲೆ ನಿಂತರೆ, ಆ ಪಕ್ಷ ಸೋತ ದಿನ ಅದೂ ಬೀಳುತ್ತದೆ ಎನ್ನುವುದು ನನ್ನ ಲೆಕ್ಕ.

ಮೊದಮೊದಲು ಕೊಟ್ಟ ಸ್ಕ್ರಿಪ್ಟನ್ನೇ ಓದಿದೆ. 2000ದಲ್ಲಿ ಗೋರ್, 2016ರಲ್ಲಿ ಹಿಲರಿ, ಇಬ್ಬರು ಡೆಮಾಕ್ರಾಟರೂ ಹೆಚ್ಚು ಮತ ಪಡೆದು ಸೋತರು ಅಂತ. ಹಿಲರಿ ಹೆಸರು ಬಂದ ತಕ್ಷಣ ಆಚೆ ಕಡೆ ಫೋನ್ ಕಟ್. ವಯೊಮಿಂಗ್‌ನಲ್ಲಿ ಎರಡು ಲಕ್ಷದೊಳಗಿನ ಜನಕ್ಕೆ ಒಬ್ಬ ಎಲೆಕ್ಟರ್ (ರಾಜ್ಯದ ಪರವಾಗಿ ಅಧ್ಯಕ್ಷರಿಗೆ ಮತ ಹಾಕುವ ಪ್ರತಿನಿಧಿ), ಕ್ಯಾಲಿಫೋರ್ನಿಯಾದಲ್ಲಿ ಏಳು ಲಕ್ಷಕ್ಕೆ ಒಬ್ಬ ಎಂದರೆ ಇನ್ನೂ ಕೆಟ್ಟಿತು. ವಯೊಮಿಂಗ್ ಅವರಿಗೆ ಪಕ್ಕದ ಮನೆ, ಕ್ಯಾಲಿಫೋರ್ನಿಯಾ ಕಂಡರೆ ಆಗದು.

ಕೈ ಹಿಡಿದದ್ದು 2004. ಆ ವರ್ಷ ರಿಪಬ್ಲಿಕನ್ ಬುಷ್ ದೇಶದಲ್ಲಿ ಸುಮಾರು 30 ಲಕ್ಷ ಮತ ಮುಂದಿದ್ದರು. ಓಹಾಯೊದಲ್ಲಿ ಅಂತರ 1.2 ಲಕ್ಷದೊಳಗೆ. ರಾಜ್ಯ ಗೆದ್ದವರಿಗೇ ಅಲ್ಲಿನ ಎಲ್ಲ ಎಲೆಕ್ಟರ್‌ಗಳು; ಅಲ್ಲಿ ಅರವತ್ತು ಸಾವಿರ ಜನ ಮನಸ್ಸು ಬದಲಿಸಿದ್ದರೆ ಡೆಮಾಕ್ರಾಟ್ ಕೆರಿ ಅಧ್ಯಕ್ಷರಾಗುತ್ತಿದ್ದರು. "30 ಲಕ್ಷ ಮುಂದಿದ್ದೂ ಬುಷ್ ಮನೆಗೆ ಹೋಗಬೇಕಿತ್ತೇ ಸರ್?" ಎಂದು ಕೇಳಿ ಸುಮ್ಮನಾಗುತ್ತಿದ್ದೆ. ಆಮೇಲೆ ಎರಡನೆಯದು: 2016ರಲ್ಲಿ ಇದೇ ರಾಜ್ಯದಲ್ಲಿ ಟ್ರಂಪ್‌ಗೆ 12 ಲಕ್ಷ ಮತ ಬಿತ್ತು, 9 ಎಲೆಕ್ಟರ್‌ಗಳಲ್ಲಿ ಒಬ್ಬರೂ ಸಿಗಲಿಲ್ಲ. ಈ ಎರಡನ್ನು ತಿರುಗುಮುರುಗು ಮಾಡಿದರೆ ಕೆಲಸ ಕೆಡುತ್ತದೆ.

"ಆ ಒಂಬತ್ತನ್ನೇ ಮತದ ಪ್ರಮಾಣದಲ್ಲಿ ಹಂಚಿದರಾಯಿತಲ್ಲ" ಎನ್ನುವವರೂ ಇದ್ದರು. 2004ರಲ್ಲಿ ಈ ರಾಜ್ಯದಲ್ಲೇ ಮತಕ್ಕೆ ಬಂದ ಅಮೆಂಡ್‌ಮೆಂಟ್ 36 ಅದೇ. ಮೂವರಲ್ಲಿ ಇಬ್ಬರು ಬೇಡ ಎಂದರು. ಒಂದೇ ರಾಜ್ಯ ತನ್ನ ಬಲ ಹಂಚಿಕೊಳ್ಳಲು ಯಾರು ಒಪ್ಪುತ್ತಾರೆ? ಈ ಒಪ್ಪಂದ ಹಾಗಲ್ಲ, ಸೇರಿದ ರಾಜ್ಯಗಳೆಲ್ಲ ತಮ್ಮ ಎಲೆಕ್ಟರ್‌ಗಳನ್ನು ದೇಶದಲ್ಲಿ ಹೆಚ್ಚು ಮತ ಪಡೆದವರಿಗೆ ಕೊಡುತ್ತವೆ, ಅವರ ಲೆಕ್ಕ ಗೆಲ್ಲಲು ಬೇಕಾದ 270 ಮುಟ್ಟುವ ತನಕ ಜಾರಿಯೇ ಇಲ್ಲ.

ನಡುವೆ ಡೆನ್ವರ್ ಕಡೆಯ ಕೆಲವು ಕನ್ನಡ ಮನೆಗಳಲ್ಲಿ ಬೇರೊಂದು ಪ್ರಯೋಗ ಮಾಡಿದೆ. ನಮ್ಮ ರಾಷ್ಟ್ರಪತಿ ಚುನಾವಣೆಯಲ್ಲಿ ಕರ್ನಾಟಕದ ಶಾಸಕರ ಮತಕ್ಕೆ 131 ಮೌಲ್ಯ, ಉತ್ತರ ಪ್ರದೇಶದವರಿಗೆ 208, ಸಿಕ್ಕಿಂಗೆ 7. 1971ರ ಜನಗಣತಿಗೇ ನಿಂತಿದ್ದರೂ ಜನಸಂಖ್ಯೆಗೆ ತಕ್ಕ ತೂಕ ಅಲ್ಲಿದೆ, ಇಲ್ಲಿ ಅದೂ ಇಲ್ಲ ಎಂದರೆ ಒಂದೇ ನಿಮಿಷಕ್ಕೆ ಅರ್ಥವಾಗುತ್ತಿತ್ತು.

ಬ್ಯಾಲೆಟ್ ಅಂಚೆಯಲ್ಲಿ ಮನೆ ತಲುಪುವ ವಾರವೇ ಫೋನ್ ಮಾಡಬೇಕು. ಪಟ್ಟಿಯಿಂದ ಯಾವ ಹೆಸರು ಆರಿಸುತ್ತಿದ್ದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ನಿಜವಾಗಿ ಕೆಲಸಕ್ಕಿಳಿದವರು ಕೇಳಿದರೆ ಹೇಳುತ್ತೇನೆ.

ಬೈಡನ್ ಇಲ್ಲಿ 13 ಪಾಯಿಂಟ್ ಅಂತರದಲ್ಲಿ ಗೆದ್ದರು. 113 ಗೆದ್ದದ್ದು ಸುಮಾರು 52 ಶೇಕಡಾದಲ್ಲಿ, ಅಂತರ ಐದು ಪಾಯಿಂಟೂ ಇಲ್ಲ. ಡೆಮಾಕ್ರಾಟ್ ಪಟ್ಟಿಯೊಂದನ್ನೇ ನಂಬಿದ್ದರೆ ಏನಾಗುತ್ತಿತ್ತು ಎಂದು ಆ ಹಳಬರೇ ಆಮೇಲೆ ನನ್ನನ್ನು ಕೇಳಿದರು. ನನ್ನ ಪಟ್ಟಿಯಲ್ಲಿ ಐವರಲ್ಲಿ ಒಬ್ಬರಾದರೂ ಹೂಂ ಅಂದಿದ್ದರು.

2023ರಲ್ಲಿ ಮಿನೆಸೋಟ, 2024ರಲ್ಲಿ ಮೇನ್ ಒಪ್ಪಂದಕ್ಕೆ ಸೇರಿ ಎಲೆಕ್ಟರ್‌ಗಳ ಲೆಕ್ಕ 209ಕ್ಕೆ ಬಂತು. ಸುಲಭದ ರಾಜ್ಯಗಳು ಹೆಚ್ಚುಕಡಿಮೆ ಮುಗಿದವು. ಇನ್ನು ಮುಂದೆ ಫೋನ್ ಹಿಡಿಯುವವರು 2004ರ ಓಹಾಯೊ ಲೆಕ್ಕದಿಂದಲೇ ಮಾತು ಶುರುಮಾಡಿ.