ಪ್ರೌಢಶಾಲೆಯಲ್ಲಿ ಮಾನಸಿಕ ಆರೋಗ್ಯ ಕಾರ್ಯಕ್ರಮ: ಜೂನ್‌ನಿಂದ ಮೇವರೆಗೆ ಮಾಡಬೇಕಾದದ್ದು

ಹದಿಹರೆಯದ ಮಕ್ಕಳ ಮಾನಸಿಕ ಆರೋಗ್ಯಕ್ಕಾಗಿ ಶಾಲೆಗಳು ಸಾಮಾನ್ಯವಾಗಿ ಮಾಡುವುದೆಂದರೆ, ಅಕ್ಟೋಬರ್ 10ರ ವಿಶ್ವ ಮಾನಸಿಕ ಆರೋಗ್ಯ ದಿನದಂದು ವೈದ್ಯರೊಬ್ಬರನ್ನು ಕರೆಸಿ, ಶಾಲು ಹೊದಿಸಿ, ಒಂದು ಗಂಟೆ ಉಪನ್ಯಾಸ ಕೊಡಿಸುವುದು. ಅದರಿಂದ ಹಾನಿಯಿಲ್ಲ, ಆದರೆ ಅದು ತಡೆಗಟ್ಟುವ ಕಾರ್ಯಕ್ರಮವೂ ಅಲ್ಲ. ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ 13ರಿಂದ 17 ವರ್ಷದವರಲ್ಲಿ ಶೇ 7.3ರಷ್ಟು ಮಂದಿಗೆ ಮಾನಸಿಕ ತೊಂದರೆ ಇದೆ. ಅರವತ್ತು ಮಕ್ಕಳು ಕೂರುವ ಒಂಬತ್ತನೇ ತರಗತಿಯ ಒಂದು ಕೋಣೆಗೆ ಈ ಲೆಕ್ಕ ಹಾಕಿದರೆ ನಾಲ್ವರಾಗುತ್ತಾರೆ. ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಸರ್ಕಾರಿ ಪ್ರೌಢಶಾಲೆಯೊಂದು ಇರುವ ಸಿಬ್ಬಂದಿ ಮತ್ತು ಇರುವ ಸಮಯದಲ್ಲಿಯೇ ಏನು ಮಾಡಬಹುದೆಂಬುದನ್ನು ಇಲ್ಲಿ ಕ್ರಮವಾಗಿ ವಿವರಿಸಲಾಗಿದೆ.

ಮೊದಲ ಕೆಲಸ, ಜವಾಬ್ದಾರಿ ಹೊರುವ ವ್ಯಕ್ತಿಯನ್ನು ಆರಿಸುವುದು. ಉಳಿದದ್ದೆಲ್ಲ ಈ ಆಯ್ಕೆಯ ಮೇಲೆಯೇ ನಿಂತಿರುವುದರಿಂದ ಅವಸರ ಬೇಡ. 2020ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಶಾಲಾ ಆರೋಗ್ಯ ಕಾರ್ಯಕ್ರಮದಡಿ ಪ್ರತಿ ಶಾಲೆಯಿಂದ ಒಬ್ಬ ಶಿಕ್ಷಕ ಮತ್ತು ಒಬ್ಬ ಶಿಕ್ಷಕಿಗೆ ತರಬೇತಿ ಕೊಡುವ ವ್ಯವಸ್ಥೆ ಇದೆ. ಆದರೆ ಬಿಹಾರದ ನಳಂದಾ ಜಿಲ್ಲೆಯ 74 ಪ್ರೌಢಶಾಲೆಗಳಲ್ಲಿ ಸಂಗಾತ್ ಸಂಸ್ಥೆ ನಡೆಸಿದ ‘ಸೆಹರ್’ ಅಧ್ಯಯನದ ಫಲಿತಾಂಶ 2018ರಲ್ಲಿ ಪ್ರಕಟವಾದಾಗ ತಿಳಿದದ್ದು ಬೇರೆಯೇ. ಶಿಕ್ಷಕರೂ ಮನೋವೈದ್ಯರೂ ಅಲ್ಲದ, ಈ ಕೆಲಸಕ್ಕೆಂದೇ ತರಬೇತಿ ಪಡೆದ ವ್ಯಕ್ತಿ ನಡೆಸಿದ ಶಾಲೆಗಳಲ್ಲಿ ಖಿನ್ನತೆಯ ಲಕ್ಷಣಗಳೂ ಮಕ್ಕಳ ನಡುವಿನ ಕಿರುಕುಳವೂ ಕಡಿಮೆಯಾದವು. ಅದೇ ಕಾರ್ಯಕ್ರಮವನ್ನು ಶಿಕ್ಷಕರು ನಡೆಸಿದ ಶಾಲೆಗಳಲ್ಲಿ ಅಂಥ ಬದಲಾವಣೆ ಕಾಣಲಿಲ್ಲ. ಇದಕ್ಕಾಗಿ ಶಿಕ್ಷಕರನ್ನು ದೂರುವುದು ಸರಿಯಲ್ಲ. ಗಣತಿ, ಬಿಸಿಯೂಟ, ಆನ್‌ಲೈನ್ ಮಾಹಿತಿ ತುಂಬುವ ಕೆಲಸಗಳ ನಡುವೆ, ಅಂಕ ಕೊಡುವ ಕೈಯಲ್ಲೇ ಈ ಹೊಣೆಯನ್ನೂ ಇಟ್ಟರೆ ಮಗು ಮನಸ್ಸು ಬಿಚ್ಚಿ ಮಾತನಾಡುವುದು ಕಷ್ಟ. ಆದ್ದರಿಂದ ಸಾಧ್ಯವಾದರೆ ತಾಲ್ಲೂಕು ಆಸ್ಪತ್ರೆಯಲ್ಲಿ ಹದಿಹರೆಯದವರಿಗೆಂದೇ ಇರುವ ಸ್ನೇಹ ಕ್ಲಿನಿಕ್‌ನ ಆಪ್ತ ಸಮಾಲೋಚಕರು ಶಾಲೆಗೆ ನಿಯಮಿತವಾಗಿ ಬರುವಂತೆ ಪತ್ರ ಬರೆದು ಕೇಳಬೇಕು. ಅದು ಆಗದಿದ್ದರೆ, ಹತ್ತನೇ ತರಗತಿಗೆ ಪಾಠ ಮಾಡದ ಮತ್ತು ಕೈಯಲ್ಲಿ ಬೆತ್ತ ಹಿಡಿಯದ ಶಿಕ್ಷಕರನ್ನು ಆರಿಸಿ, ಬೇರೆ ಹೊರೆಯನ್ನು ಕಡಿಮೆ ಮಾಡಬೇಕು. ಸೇವಾ ಹಿರಿತನ ಇಲ್ಲಿ ಲೆಕ್ಕಕ್ಕಿಲ್ಲ.

ಬಳಿಕ ವೇಳಾಪಟ್ಟಿಯಲ್ಲಿ ವಾರಕ್ಕೊಂದು ಪಿರಿಯಡ್ ಮೀಸಲಿಡಿ. ಅದು ಶನಿವಾರದ ಕೊನೆಯ ಪಿರಿಯಡ್ ಆದರೆ ಎರಡು ವಾರದಲ್ಲಿ ಗಣಿತ ಅದನ್ನು ನುಂಗಿಬಿಡುತ್ತದೆ.

ಆ ಪಿರಿಯಡ್‌ನಲ್ಲಿ ಭಾಷಣ ಬೇಡ. ಮಕ್ಕಳು ಗುಂಪಿನಲ್ಲಿ ಚರ್ಚಿಸುವ, ಅಭಿನಯಿಸಿ ತೋರಿಸುವ ಸನ್ನಿವೇಶಗಳಿರಲಿ. ಯುರೋಪಿನ 10 ದೇಶಗಳ 168 ಶಾಲೆಗಳಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮಕ್ಕಳೇ ಪಾತ್ರ ವಹಿಸಿ ಚರ್ಚಿಸಿದ ತರಗತಿಗಳಿಂದ ಆತ್ಮಹತ್ಯೆ ಯತ್ನಗಳು ಇಳಿದವು. ಶಿಕ್ಷಕರಿಗೆ ಮಾತ್ರ ಕೊಟ್ಟ ತರಬೇತಿಯಿಂದ ಅಂಥ ಪರಿಣಾಮ ಕಾಣಲಿಲ್ಲ. ಸನ್ನಿವೇಶಗಳು ಮಾತ್ರ ನಮ್ಮವೇ ಆಗಿರಬೇಕು. ಅಪ್ಪ ಅವ್ವ ಪುಣೆಗೋ ಬೆಂಗಳೂರಿಗೋ ಗುಳೆ ಹೋಗಿ ಅಜ್ಜಿಯ ಬಳಿ ಉಳಿದ ಹುಡುಗ, ಹತ್ತಿ ಬಿಡಿಸುವ ಕೆಲಸಕ್ಕೆ ತಿಂಗಳುಗಟ್ಟಲೆ ಶಾಲೆ ತಪ್ಪಿಸಿ ಮರಳಿದವಳು, ಮನೆಯಲ್ಲಿ ಮದುವೆಯ ಮಾತು ಶುರುವಾದ ಒಂಬತ್ತನೇ ತರಗತಿಯ ಹುಡುಗಿ, ಉರ್ದು ಅಥವಾ ತೆಲುಗು ಮನೆಮಾತಾಗಿ ಕನ್ನಡ ಮಾಧ್ಯಮದಲ್ಲಿ ತಡವರಿಸುವ ಮಗು, ವಸತಿ ನಿಲಯದಲ್ಲಿ ಹಿರಿಯರ ಕಾಟಕ್ಕೆ ಸಿಕ್ಕವನು: ಇವರ ಕಥೆಗಳನ್ನು ಹೆಸರಿಲ್ಲದೆ ಬಳಸಬಹುದು. ಧ್ಯಾನ ಮಾಡಿಸಿದರೆ ಸಾಕೆಂಬ ನಂಬಿಕೆ ಈಗ ಹೆಚ್ಚಾಗಿದೆ. ಬ್ರಿಟನ್‌ನ ಶಾಲೆಗಳಲ್ಲಿ ಇಡೀ ತರಗತಿಗೆ ಮೈಂಡ್‌ಫುಲ್‌ನೆಸ್ ಎಂಬ ಬಗೆಯ ಧ್ಯಾನ ಕಲಿಸಿ ನೋಡಿದ ದೊಡ್ಡ ಅಧ್ಯಯನದಲ್ಲಿ, 2022ರ ವರದಿಯಂತೆ, ಎಂದಿನ ಪಾಠಕ್ಕಿಂತ ಹೆಚ್ಚಿನ ಲಾಭ ಕಾಣಲಿಲ್ಲ.

ಮುಂದಿನದು, ಮಕ್ಕಳು ತಮ್ಮ ದೂರು, ಪ್ರಶ್ನೆಗಳನ್ನು ಬರೆದು ಹಾಕುವ, ಬೀಗವಿರುವ ಒಂದು ‘ಮಾತಿನ ಪೆಟ್ಟಿಗೆ’. ನಳಂದಾದಲ್ಲಿ ಇದೂ ಗೋಡೆ ಪತ್ರಿಕೆಯೂ ಕಾರ್ಯಕ್ರಮದ ಭಾಗವಾಗಿದ್ದವು. ಪೆಟ್ಟಿಗೆ ಮುಖ್ಯೋಪಾಧ್ಯಾಯರ ಕೋಣೆಯ ಎದುರಿಗೆ ಬೇಡ, ನೀರಿನ ಟ್ಯಾಂಕಿನ ಬಳಿ ಇರಲಿ. ಪ್ರತಿ ವಾರ ತೆರೆದು, ಹೆಸರಿಲ್ಲದ ದೂರಿಗೂ ಪ್ರಾರ್ಥನೆಯ ವೇಳೆ ಉತ್ತರ ಕೊಡದಿದ್ದರೆ ಮಕ್ಕಳು ಬರೆಯುವುದನ್ನು ನಿಲ್ಲಿಸುತ್ತಾರೆ.

ಶಾಲೆಯೇ ಕೊಡುವ ನೋವನ್ನು ನಿಲ್ಲಿಸದೆ ಇವೆಲ್ಲ ವ್ಯರ್ಥ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ಹೊಡೆತ, ಮಾನಸಿಕ ಕಿರುಕುಳ ಎರಡನ್ನೂ ನಿಷೇಧಿಸುತ್ತದೆ. 2024ರ ಎಸ್‌ಎಸ್‌ಎಲ್‌ಸಿ ಫಲಿತಾಂಶದಲ್ಲಿ ಯಾದಗಿರಿ, 2025ರಲ್ಲಿ ಕಲಬುರಗಿ ರಾಜ್ಯದಲ್ಲೇ ಕೊನೆಯ ಸ್ಥಾನದಲ್ಲಿದ್ದವು. ಜಿಲ್ಲೆಯ ಸ್ಥಾನವನ್ನು ಮೇಲೆತ್ತುವ ಒತ್ತಡ ಮುಖ್ಯೋಪಾಧ್ಯಾಯರಿಂದ ಶಿಕ್ಷಕರಿಗೆ, ಶಿಕ್ಷಕರಿಂದ ಕೊನೆಯ ಬೆಂಚಿಗೆ ಇಳಿಯುತ್ತದೆ. ಕಿರುಪರೀಕ್ಷೆಯ ಅಂಕಗಳನ್ನು ತರಗತಿಯಲ್ಲಿ ಗಟ್ಟಿಯಾಗಿ ಓದುವುದನ್ನೂ ‘ನಿಧಾನ ಕಲಿಕೆಯವರು’ ಎಂದು ಬೇರೆ ಸಾಲಿನಲ್ಲಿ ಕೂರಿಸುವುದನ್ನೂ ಬಿಟ್ಟರೆ ಫಲಿತಾಂಶವೇನೂ ಇಳಿಯುವುದಿಲ್ಲ.

ಇನ್ನು ತೊಂದರೆಯಲ್ಲಿರುವ ಮಗುವನ್ನು ಗುರುತಿಸುವ ವಿಚಾರ. ಎರಡು ವಾರಕ್ಕೂ ಮೀರಿದ ಮಂಕುತನ, ನಿದ್ದೆ ಮತ್ತು ಊಟದಲ್ಲಿ ಏರುಪೇರು, ಗೆಳೆಯರಿಂದ ದೂರವಾಗುವುದು, ಕಾರಣವಿಲ್ಲದ ತಲೆನೋವು ಹೊಟ್ಟೆನೋವು, ಗುಟ್ಕಾ ಅಥವಾ ಮದ್ಯದ ಚಟ, ಬದುಕು ಬೇಡವೆಂಬ ಮಾತು ಕಂಡರೆ ಮಗುವನ್ನು ಒಂಟಿಯಾಗಿ, ಆದರೆ ಎಲ್ಲರಿಗೂ ಕಾಣುವ ಜಾಗದಲ್ಲಿ ಕೂರಿಸಿ ಮಾತನಾಡಿಸಬೇಕು. ‘ಯಾಕವ್ವಾ, ಸಪ್ಪಗದೀ? ರಾತ್ರಿ ನಿದ್ದಿ ಬರ್ತದೇನು?’ ಎಂದು ಮನೆಯ ಮಾತಿನಲ್ಲಿ ಶುರುಮಾಡಿದರೆ ಸಾಕು. ಸಾಯಬೇಕು ಅನಿಸುತ್ತಿದೆಯೇ ಎಂದು ನೇರವಾಗಿ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಕೇಳದೆ ಬಿಡುವುದೇ ಅಪಾಯ. ‘ಹೌದು’ ಎಂದರೆ ಮಗುವನ್ನು ಒಂಟಿಯಾಗಿ ಬಿಡದೆ, ಅದೇ ದಿನ ಪಾಲಕರನ್ನು ಕರೆಸಿ, ಬೆಳೆಗೆ ಹೊಡೆಯುವ ಔಷಧವನ್ನು ಮನೆಯಲ್ಲಿ ಬೀಗ ಹಾಕಿಡಲು ಹೇಳಿ, ಆಸ್ಪತ್ರೆಗೆ ಕರೆದೊಯ್ಯಬೇಕು. ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ಯಿಮ್ಸ್ ಆಯಾ ಜಿಲ್ಲೆಯ ಸರ್ಕಾರಿ ವೈದ್ಯಕೀಯ ಕಾಲೇಜುಗಳು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಮಗು ಹೇಳಿದ್ದನ್ನು ಶಿಕ್ಷಕರ ಕೋಣೆಯ ಹರಟೆಗೆ ತರಬಾರದು. ಆದರೆ ಎಲ್ಲವನ್ನೂ ಗುಟ್ಟಾಗಿಡುತ್ತೇನೆಂದು ಮಾತು ಕೊಡಲೂಬಾರದು. ಲೈಂಗಿಕ ದೌರ್ಜನ್ಯ ತಿಳಿದುಬಂದರೆ 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಬಾಲ್ಯವಿವಾಹದ ಸುಳಿವು ಸಿಕ್ಕರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬೇಕು. ಈ ಮಿತಿಯನ್ನು ಮೊದಲ ದಿನವೇ ಮಕ್ಕಳಿಗೆ ಹೇಳಿಬಿಡುವುದು ಪ್ರಾಮಾಣಿಕತನ.

ಪಾಲಕರ ಸಭೆಯನ್ನು ಗುಳೆ ಹೋದವರು ಊರಿಗೆ ಮರಳುವ ಹಬ್ಬದ ದಿನಗಳಿಗೆ ಹೊಂದಿಸಿ.

ಎಸ್‌ಎಸ್‌ಎಲ್‌ಸಿ ಫಲಿತಾಂಶ ಬರುವಾಗ ಬೇಸಿಗೆ ರಜೆಯಿಂದ ಶಾಲೆ ಮುಚ್ಚಿರುತ್ತದೆ, ಆದರೆ ಕಾರ್ಯಕ್ರಮಕ್ಕೆ ಅಂದು ರಜೆಯಿಲ್ಲ. ಅನುತ್ತೀರ್ಣರಾಗಬಹುದಾದ ಮಕ್ಕಳ ಮತ್ತು ವರ್ಷವಿಡೀ ಗಮನದಲ್ಲಿದ್ದ ಮಕ್ಕಳ ಮನೆಯ ಮೊಬೈಲ್ ಸಂಖ್ಯೆಗಳನ್ನು ಮಾರ್ಚ್‌ನಲ್ಲೇ ಬರೆದಿಟ್ಟುಕೊಂಡು, ಫಲಿತಾಂಶದ ದಿನವೇ ಒಬ್ಬೊಬ್ಬರಿಗೂ ಕರೆ ಮಾಡಿ, ಅದೇ ವರ್ಷ ಮತ್ತೆ ಪರೀಕ್ಷೆ ಬರೆಯುವ ಅವಕಾಶವನ್ನೂ ಅರ್ಜಿಯ ಕೊನೆಯ ದಿನಾಂಕವನ್ನೂ ತಿಳಿಸಬೇಕು. ಕರೆ ಸ್ವೀಕರಿಸದ ಮನೆಗೆ ಅದೇ ಊರಿನ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸದಸ್ಯರನ್ನು ಸಂಜೆಯೊಳಗೆ ಕಳುಹಿಸಬೇಕು.