ಒಬ್ಬನನ್ನ ಹುಡುಕೋಕೆ ಏಳೂ ಜನರ ಬೆನ್ನು ಹತ್ತಿದ್ದು

ನಾವಿರೋದು ಇಂಗ್ಲೆಂಡಿನ ಲಿಂಕನ್ ಹತ್ರ ಒಂದು ಹಳ್ಳೀಲಿ, ಈ ಕಡೆ ಎಲ್ಲಿ ಹೋದ್ರೂ ಎರಡನೇ ಮಹಾಯುದ್ಧದ ಒಂದು ಹಳೇ ಏರ್‌ಫೀಲ್ಡ್ ಸಿಗುತ್ತೆ, ಎಷ್ಟೋ ಕಡೆ ಈಗ ಬರೀ ಹೊಲ. ಊರ ಸ್ಮಾರಕದಲ್ಲಿರೋ ಒಂದು ಹೆಸರಿನ ಬಗ್ಗೆ ಯಾರನ್ನ ಕೇಳಿದ್ರೂ "ಬಾಂಬರ್‌ನಲ್ಲಿದ್ನಂತೆ, ಜರ್ಮನೀಲಿ ಸತ್ನಂತೆ" ಅಷ್ಟೇ. ಅವನು ಯಾರು, ಏನಾದ ಅಂತ ಹುಡುಕೋಕೆ ಹೊರಟೆ. ಹೆಸರು ಇಲ್ಲಿ ಹಾಕಲ್ಲ, ಅವರ ಕಡೆಯೋರು ಇನ್ನೂ ಇದಾರೆ.

ಮೊದಲು ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ಅಂತ ಯುದ್ಧದಲ್ಲಿ ಸತ್ತೋರ ಸಮಾಧಿ ನೋಡ್ಕೊಳ್ಳೋ ಸಂಸ್ಥೆಯ ಸೈಟಲ್ಲಿ ಹುಡುಕಿದೆ. ಸರ್ವಿಸ್ ನಂಬರ್, ಸ್ಕ್ವಾಡ್ರನ್ (ವಾಯುಪಡೆಯ ತುಕಡಿ), ಸತ್ತ ತಾರೀಖು, ಸಮಾಧಿ ಎಲ್ಲಿದೆ ಅನ್ನೋದು ಎಲ್ಲಾ ಅಲ್ಲೇ ಸಿಕ್ತು. ಆ ನಂಬರ್ ಬರೆದಿಟ್ಕೊಳ್ಳಿ, ಒಂದೇ ಹೆಸರಿನೋರು ಬೇಕಾದಷ್ಟು ಜನ ಇರ್ತಾರೆ. ಸಾರ್ಜೆಂಟ್ ಅಂತ ಇದ್ರೆ ಸೀನಿಯರ್ ಅನ್ಕೋಬೇಡಿ, 1940ರ ನಂತರ ವಿಮಾನದಲ್ಲಿ ಹಾರೋರಿಗೆಲ್ಲ ಕನಿಷ್ಠ ಆ ರ್‍ಯಾಂಕ್ ಕೊಡ್ತಿದ್ರು. ಇವನಿಗೆ 20 ವರ್ಷ, ಲ್ಯಾಂಕಾಸ್ಟರ್ ಅನ್ನೋ ಬಾಂಬರ್ ವಿಮಾನದ ರಿಯರ್ ಗನ್ನರ್, ಅಂದ್ರೆ ಬಾಲದಲ್ಲಿ ಕೂತು ಗನ್ ಹಿಡಿಯೋನು.

ಆಮೇಲೆ ಬ್ರಿಟನ್ನಿನ ನ್ಯಾಷನಲ್ ಆರ್ಕೈವ್ಸ್‌ನ ಏರ್ 27 ಸೀರೀಸ್, ಅಂದ್ರೆ ಸ್ಕ್ವಾಡ್ರನ್‌ಗಳ ದಿನಚರಿ. ಅದ್ರಲ್ಲಿ ಫಾರ್ಮ್ 541 ನೋಡ್ಬೇಕು, ಯಾವ ರಾತ್ರಿ ಯಾರ್ಯಾರು ಹೋದ್ರು, ಎಷ್ಟೊತ್ತಿಗೆ ಎದ್ರು, ಎಷ್ಟೊತ್ತಿಗೆ ಇಳಿದ್ರು ಅಂತ ಟೈಪ್ ಮಾಡಿಟ್ಟಿದಾರೆ. ನಾನು ಕೊನೇ ರಾತ್ರಿಯಿಂದ ಹಿಂದಕ್ಕೆ ಓದ್ತಾ ಹೋದೆ. ಒಂದು ಟೂರ್ ಅಂದ್ರೆ ಸಾಮಾನ್ಯವಾಗಿ 30 ಸಲ ಹೋಗಿ ಬರ್ಬೇಕು, ಇವನ ವಿಮಾನದೋರು ಅರ್ಧಕ್ಕೂ ಬಂದಿರ್ಲಿಲ್ಲ. ಕೊನೇ ಸಾಲಲ್ಲಿ, ಟೇಕಾಫ್ ಆದ್ಮೇಲೆ ಏನೂ ಸುದ್ದಿಯಿಲ್ಲ ಅಂತಷ್ಟೇ ಇದೆ. ಇನ್ನೊಂದು ವಿಷಯ, ಸಂಜೆ ಎದ್ದ ವಿಮಾನ ಮಧ್ಯರಾತ್ರಿ ದಾಟಿ ಬಿದ್ದಿರಬಹುದು, ಅದಕ್ಕೆ ಎರಡೂ ತಾರೀಖು ನೋಡಿ.

ನಿಜವಾಗ್ಲೂ ಬಾಗಿಲು ತೆಗೆದಿದ್ದು ಅವನ ದಾಖಲೆ ಅಲ್ಲ, ಜೊತೆಗಿದ್ದೋರದ್ದು. ಲ್ಯಾಂಕಾಸ್ಟರ್‌ನಲ್ಲಿ ಏಳು ಜನ, ಇವರಲ್ಲಿ ವೈರ್‌ಲೆಸ್ ಆಪರೇಟರ್ ಆಸ್ಟ್ರೇಲಿಯಾದೋನು. ಆಸ್ಟ್ರೇಲಿಯಾದ ನ್ಯಾಷನಲ್ ಆರ್ಕೈವ್ಸಲ್ಲಿ ಎ705 ಅಂತ ಕ್ಯಾಶುಅಲ್ಟಿ (ಸತ್ತೋರು, ಕಾಣೆಯಾದೋರ) ಫೈಲ್‌ಗಳಿವೆ, ಸ್ಕ್ಯಾನ್ ಆಗಿರೋದನ್ನ ಮನೇಲೇ ಕೂತು ಫ್ರೀಯಾಗಿ ಓದಬಹುದು. ವಿಮಾನ ಯಾವ ಊರ ಹತ್ರ ಬಿತ್ತು, ಜರ್ಮನ್ನರು ಎಲ್ಲಿ ಹೂತಿದ್ರು, ಯುದ್ಧ ಮುಗಿದ್ಮೇಲೆ ಹುಡುಕೋಕೆ ಹೋದೋರು ಯಾರನ್ನ ಗುರುತಿಸಿದ್ರು, ಯಾರನ್ನ ಆಗ್ಲಿಲ್ಲ, ಎಲ್ಲಾ ಅದ್ರಲ್ಲೇ ಇತ್ತು. ಜೊತೆಗೆ ಆ ಹುಡುಗನ ತಾಯಿ ಬರೆದ ಕಾಗದಗಳು. ಅದನ್ನ ಒಂದೇ ಸಲಕ್ಕೆ ಓದಿ ಮುಗ್ಸೋಕೆ ನನ್ನ ಕೈಲಿ ಆಗ್ಲಿಲ್ಲ. ನೀವು ಹುಡುಕ್ತಿರೋನ ವಿಮಾನದಲ್ಲಿ ಕೆನಡಾದೋರು ಸತ್ತಿದ್ರೆ ಅವರ ಫೈಲೂ ಓಪನ್ ಇರುತ್ತೆ, ಮೊದ್ಲು ಅದನ್ನೇ ನೋಡಿ.

ಸಮಾಧಿ ಇರೋದು ಜರ್ಮನಿಯ ಕ್ಲೇವೆ ಹತ್ರ, ರೈಖ್ಸ್‌ವಾಲ್ಡ್ ಕಾಡಲ್ಲಿ. ಏಳೂವರೆ ಸಾವಿರ ಕಲ್ಲು, ಅರ್ಧಕ್ಕಿಂತ ಜಾಸ್ತಿ ವಾಯುಪಡೆಯೋರದ್ದೇ. ನಮ್ಮ ಕಡೆ ವೀರಗಲ್ಲಲ್ಲಿ ಕೆಳಗೆ ಯುದ್ಧ, ಮಧ್ಯೆ ಅಪ್ಸರೆಯರು, ಮೇಲೆ ಸ್ವರ್ಗ ಅಂತ ಕಥೇನೇ ಕೆತ್ತಿರ್ತಾರೆ, ಇಲ್ಲಿ ಅಧಿಕಾರಿಗೂ ಸಾರ್ಜೆಂಟಿಗೂ ಒಂದೇ ಅಳತೆಯ ಕಲ್ಲು. ಕಲ್ಲ ಮೇಲೆ ತಮ್ಮ ಮಾತು ಬರೆಸೋಕೆ ಮನೆಯೋರಿಗೆ ಸಿಕ್ಕಿದ್ದ ಜಾಗ 66 ಅಕ್ಷರ. ಕಲ್ಲುಗಳು ಒಂದಕ್ಕೊಂದು ಅಂಟಿಕೊಂಡ ಹಾಗಿದ್ರೆ ಬೇರೆ ಬೇರೆ ಗುರುತಿಸೋಕೆ ಆಗದೆ ಒಟ್ಟಿಗೆ ಹೂತಿದಾರೆ ಅಂತ ಅರ್ಥ, ಇವನೂ ಹಾಗೇ. ಇವನಂಥೋರ ವಿಮಾನಗಳಿಂದ ಬಾಂಬ್ ಬಿದ್ದ ಊರುಗಳಲ್ಲೂ ಮಕ್ಕಳು ಮುದುಕರು ಸತ್ತಿದಾರೆ, ಅದನ್ನ ಮುಚ್ಚಿಟ್ಟು ಇವನನ್ನ ನೆನೆಯೋದು ನನಗೆ ಸರಿ ಅನ್ಸಲ್ಲ.

ಸಿಕ್ಕಿದ್ದನ್ನೆಲ್ಲ ಲಿಂಕನ್‌ನಲ್ಲಿರೋ ಇಂಟರ್‌ನ್ಯಾಷನಲ್ ಬಾಂಬರ್ ಕಮಾಂಡ್ ಸೆಂಟರ್‌ಗೆ ಕಳಿಸಿದೆ, ಬಾಂಬರ್ ಕಮಾಂಡ್ ಅಂದ್ರೆ ಬ್ರಿಟಿಷ್ ವಾಯುಪಡೆಯ ಬಾಂಬರ್ ವಿಭಾಗ. ಸತ್ತೋರ ಸುಮಾರು 58,000 ಹೆಸರಿರೋ ಅವರ ಡೇಟಾಬೇಸಲ್ಲಿ ಎಷ್ಟೋ ಜನಕ್ಕೆ ಫೋಟೋ ಇಲ್ಲ. ನಿಮ್ಮ ಹತ್ರ ಇದ್ರೆ ಸ್ಕ್ಯಾನ್ ಮಾಡಿ ಕಳಿಸಿ, ಸರ್ವಿಸ್ ನಂಬರ್ ಹಾಕೋದು ಮರೀಬೇಡಿ.